ಹಿಮ್ಮಡಿಗೆ ವರ್ಗಾವಣೆ

ಅವಧಿ ಮುಗಿದ ಕ್ರೀಮನ್ನು ಎಸೆಯುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ವರ್ಗಾವಣೆ ಮಾಡುವ ಪದ್ಧತಿಯಿದೆ. ಮುಖಕ್ಕೆಂದು ಬಂದದ್ದು ತಾರೀಖು ದಾಟಿದ ಮೇಲೆ ಮೊಣಕೈಗೆ, ಅಲ್ಲಿಂದ ಹಿಮ್ಮಡಿಗೆ ಇಳಿಯುತ್ತದೆ. ಆಗಲೂ ಮಿಕ್ಕರೆ ಚಪ್ಪಲಿಗೆ.

ಮೊನ್ನೆ ಕಪಾಟು ಒರೆಸುವಾಗ ನಾದಿನಿ ನಾಲ್ಕು ವರ್ಷದ ಹಿಂದೆ ಕೊಟ್ಟಿದ್ದ ವಿಟಮಿನ್ ಸಿ ಸೀರಮ್ ಸಿಕ್ಕಿತು. ‘ದುಬಾರಿಯದು, ಮದುವೆ ಮುಂಜಿಗೆ ಇರಲಿ’ ಎಂದು ಹೆಂಡತಿ ಎರಡೇ ಸಲ ಹಚ್ಚಿ ಎತ್ತಿಟ್ಟಿದ್ದಳು. ಮದುವೆಗಳೂ ಆದವು, ಮುಂಜಿಗಳೂ ಆದವು. ನೀರಿನಂತಿದ್ದ ಸೀರಮ್ ಈಗ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಗಾಳಿ, ಬೆಳಕು ತಾಗಿದರೆ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಹಾಗೆಯೇ: ಮೊದಲು ಹಳದಿ, ಆಮೇಲೆ ಕಂದು. ಆದರೂ ಅದು ಪ್ರಾಮಾಣಿಕ. ಕೆಟ್ಟದ್ದನ್ನು ತಾನೇ ಒಪ್ಪಿಕೊಳ್ಳುತ್ತದೆ. ಸನ್‌ಸ್ಕ್ರೀನ್ ಹಾಗಲ್ಲ. ಶಕ್ತಿ ಕುಂದಿದರೂ ಬೆಳ್ಳಗೆ, ಘಮಘಮ ಎನ್ನುತ್ತಲೇ ಇರಬಹುದು. ಸುದ್ದಿ ಹೇಳುವುದು ಸುಟ್ಟ ಮೂಗು.

ಸನ್‌ಸ್ಕ್ರೀನ್ ಡಬ್ಬಿಯ ಮೇಲೆ ಮುಚ್ಚಳ ತೆರೆದ ಭರಣಿಯ ಚಿತ್ರ, ಒಳಗೆ ‘12ಎಂ’ ಎಂದು ಬರೆದಿತ್ತು. ಅಳತೆಯಿರಬೇಕು ಎಂದುಕೊಂಡಿದ್ದೆ. ತೆರೆದ ಮೇಲೆ ಹನ್ನೆರಡು ತಿಂಗಳು ಎಂದರ್ಥವಂತೆ. ಅಚ್ಚೊತ್ತಿದ ತಾರೀಖು ಮುಚ್ಚಿದ ಡಬ್ಬಿಯ ಲೆಕ್ಕ. ಅದರೊಳಗೆ ನಾವು ದಿನಾ ಅದ್ದುವ ಬೆರಳಿನ ಲೆಕ್ಕ ಬೇರೆ.

ಅಮ್ಮನ ಮುಲ್ತಾನಿ ಮಿಟ್ಟಿಯ ಡಬ್ಬಕ್ಕಂತೂ ತಾರೀಖೇ ಇಲ್ಲ. “ಮಣ್ಣು ಹಳಸುತ್ತದೆಯೇನೋ?” ಎನ್ನುತ್ತಾಳೆ. ಒಣಗಿದ್ದಷ್ಟು ದಿನ ಅವಳ ಮಾತು ಸರಿ. ಪನ್ನೀರಿನಲ್ಲಿ ಕಲಸಿ, ಮಿಕ್ಕದ್ದನ್ನು ನಾಳೆಗೆಂದು ಮುಚ್ಚಿಟ್ಟರೆ ಕ್ರಿಮಿಗಳಿಗೆ ಎಲೆ ಹಾಕಿದಂತೆ. ನೀರಿಲ್ಲದ ಕೊಬ್ಬರಿ ಎಣ್ಣೆಯಲ್ಲಿ ಕ್ರಿಮಿ ಬೆಳೆಯುವುದು ಕಷ್ಟ, ಆದರೆ ಕಮಟುತ್ತದೆ. ಕಡಲೆಹಿಟ್ಟು ಮಾತ್ರ ಬಲು ಸಜ್ಜನ: ಹುಳುವನ್ನೇ ಕಳಿಸಿ ನೋಟಿಸು ಕೊಡುತ್ತದೆ.

ಸೀರಮನ್ನು ಹಿಮ್ಮಡಿಗೆ ವರ್ಗ ಮಾಡಲು ಹೊರಟವನನ್ನು ತಡೆದದ್ದು ಮಗಳು. “ಅಪ್ಪಾ, ನಿಮ್ಮ ಹಿಮ್ಮಡಿ ಒಡೆದಿದೆ. ಕೆನ್ನೆಯ ಚರ್ಮ ಮುಚ್ಚಿದ ಬಾಗಿಲು, ಇದು ತೆರೆದದ್ದು. ಕೆಟ್ಟದ್ದನ್ನು ಹೋಗಿ ಹೋಗಿ ಅಲ್ಲಿಗೇ ಹಚ್ಚುತ್ತೀರಲ್ಲ!” ಇಷ್ಟು ವರ್ಷ ನಾವು ನಡೆಸಿದ ವರ್ಗಾವಣೆಯೆಲ್ಲ ತಲೆಕೆಳಗು ಎಂದಾಯಿತು. ಮುಖ ಉಳಿಸಿಕೊಳ್ಳಲು ಕಾಲನ್ನು ಬಲಿ ಕೊಡುತ್ತಿದ್ದೆವು.

ಹೆಂಡತಿ ನಿಟ್ಟುಸಿರಿಟ್ಟು ಸೀರಮನ್ನು ಬಚ್ಚಲಿಗೆ ಸುರಿದಳು. ಬಾಟಲಿ ಎಸೆಯಲು ಕೈ ಚಾಚಿದೆ, ಕೊಡಲಿಲ್ಲ. ಹನಿ ಹಾಕುವ ಕೊಳವೆ ಗಟ್ಟಿಯಾಗಿದೆಯಂತೆ. ತೊಳೆದು ಒಣಗಿಸಿ ಈಗ ಹೊಲಿಗೆ ಯಂತ್ರದ ಎಣ್ಣೆ ತುಂಬಿಟ್ಟಿದ್ದಾಳೆ.