ಡೈನೋಸಾರ್ ವಾದ ಇನ್ನೂ ಮುಗಿದಿಲ್ಲ, ಜನರಿಗೆ ಪುಸ್ತಕ ಬರೆಯಬಹುದೇ?

ಪರ

ಬರೆಯಲೇಬೇಕು. ಡೈನೋಸಾರ್‌ಗಳು ಹೇಗಿದ್ದವು, ಹೇಗೆ ಬದುಕಿದವು ಎಂಬ ವಾದ ಬಿಸಿಯಾಗಿರುವಾಗಲೇ ಬರೆಯಬೇಕು.

1960ರ ದಶಕದವರೆಗೆ ಡೈನೋಸಾರ್ ಎಂದರೆ ಜೌಗಿನಲ್ಲಿ ನಿಂತು, ಬಾಲ ಎಳೆದುಕೊಂಡು ನಡೆಯುವ ಮಂದ ಪ್ರಾಣಿ. ಮ್ಯೂಸಿಯಂ ಚಿತ್ರಗಳಲ್ಲಿ ಹಾಗೇ ಇತ್ತು, ಮಕ್ಕಳ ಪುಸ್ತಕಗಳಲ್ಲೂ ಹಾಗೇ. 1964ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಆಸ್ಟ್ರಮ್ ತಂಡಕ್ಕೆ ಬೇಟೆಗಾರ ಡೈನೋಸಾರ್ ಡೈನೋನಿಕಸ್‌ನ ಮೂಳೆಗಳು ಸಿಕ್ಕವು. ಹಿಂಗಾಲಿನ ಒಂದು ಬೆರಳಲ್ಲಿ ಕುಡುಗೋಲಿನಂಥ ಉಗುರು. ಬಾಲ ಬಿಗಿಯಾಗಿ ನೆಟ್ಟಗಿತ್ತು, ಓಡುವಾಗ ಮೈ ತೂಗಿಸಿಕೊಳ್ಳುವಂತೆ. ಇಂಥ ಪ್ರಾಣಿ ದಿನವಿಡೀ ಬಿಸಿಲಿಗೆ ಮೈ ಕಾಯಿಸುತ್ತ ಬಿದ್ದಿರುತ್ತಿತ್ತು ಎಂದು ನಂಬುವುದು ಹೇಗೆ? 1969ರಲ್ಲಿ ಆಸ್ಟ್ರಮ್ ಅದರ ವಿವರ ಪ್ರಕಟಿಸಿದಾಗ, ಜೊತೆಗೆ ಓಡುತ್ತಿರುವ ಡೈನೋನಿಕಸ್‌ನ ಚಿತ್ರ ಬರೆದುಕೊಟ್ಟವರು ಅವರ ವಿದ್ಯಾರ್ಥಿ ರಾಬರ್ಟ್ ಬ್ಯಾಕರ್.

ಡೈನೋಸಾರ್‌ಗಳು ಬಿಸಿರಕ್ತದ, ಅಂದರೆ ಮೈಬಿಸಿಯನ್ನು ತಾವೇ ಉತ್ಪಾದಿಸಿಕೊಳ್ಳುವ ಪ್ರಾಣಿಗಳು ಎಂದು ಬ್ಯಾಕರ್ 70ರ ದಶಕದಲ್ಲೇ ಸಂಶೋಧನಾ ಪ್ರಬಂಧಗಳನ್ನು ಬರೆದರು. ಜಗಳವೂ ಆಯಿತು. ಆದರೆ ಅದು ಕೆಲವೇ ಪರಿಣತರ ಜಗಳ. 1986ರಲ್ಲಿ ಅವರು ಅದೇ ವಾದವನ್ನು ತಮ್ಮದೇ ಚಿತ್ರಗಳ ಸಮೇತ ಎಲ್ಲರೂ ಓದಬಹುದಾದ ದಪ್ಪ ಪುಸ್ತಕ ಮಾಡಿದರು.

ಪುಸ್ತಕವೇ ಯಾಕೆ ಬೇಕಿತ್ತು? ಒಂದು ಪ್ರಬಂಧದಲ್ಲಿ ಒಂದು ಮೂಳೆ, ಒಂದು ಅಳತೆ, ಒಂದು ತೀರ್ಮಾನ ಹಿಡಿಸುತ್ತದೆ. ಬಿಸಿರಕ್ತದ ಪ್ರಶ್ನೆ ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಕಾಲುಗಳು ಮೈಯ ಕೆಳಗೆ ಕಂಬದಂತೆ ಯಾಕಿವೆ, ಮೂಳೆಯೊಳಗೆ ರಕ್ತನಾಳಗಳ ಜಾಲ ಯಾಕೆ ಅಷ್ಟು ದಟ್ಟ, ಬೇಟೆಯಾಡುವ ಡೈನೋಸಾರ್‌ಗಳ ಸಂಖ್ಯೆ ಯಾಕೆ ಅಷ್ಟು ಕಡಿಮೆ, ಹಕ್ಕಿಗಳಿಗೂ ಇವಕ್ಕೂ ಏನು ನಂಟು? ಇವನ್ನೆಲ್ಲ ಒಂದೇ ಕಡೆ ಇಟ್ಟು ನೋಡಿದಾಗ ಮಾತ್ರ ವಾದದ ಬಲ ಕಾಣುತ್ತದೆ, ದೌರ್ಬಲ್ಯವೂ ಕಾಣುತ್ತದೆ. ಡಾರ್ವಿನ್ ಕೂಡ 1859ರಲ್ಲಿ ತನ್ನ ಪೂರ್ತಿ ವಾದವನ್ನು ಇಟ್ಟಿದ್ದು ಯಾರು ಬೇಕಾದರೂ ಕೊಂಡು ಓದಬಹುದಾದ ಪುಸ್ತಕದಲ್ಲೇ ಅಲ್ವಾ? ಆಗ ಆ ವಾದವನ್ನು ಎಲ್ಲರೂ ಒಪ್ಪಿರಲಿಲ್ಲ.

ಇನ್ನೊಂದು ಮಾತು. ಡೈನೋಸಾರ್ ಸಂಶೋಧನೆಯಿಂದ ಔಷಧಿ ಬರುವುದಿಲ್ಲ, ಯಂತ್ರ ಬರುವುದಿಲ್ಲ. ಅದು ನಡೆಯುವುದೇ ಜನರ ಕುತೂಹಲದಿಂದ. ಮ್ಯೂಸಿಯಂಗೆ ಬರುವವರಿಗೆ, ತೆರಿಗೆ ಕಟ್ಟುವವರಿಗೆ ಸಿದ್ಧ ಉತ್ತರಗಳನ್ನಷ್ಟೇ ಕೊಟ್ಟರೆ ವಿಜ್ಞಾನ ಹೇಗೆ ನಡೆಯುತ್ತದೆ ಎನ್ನುವುದು ಅವರಿಗೆ ಗೊತ್ತಾಗುವುದೇ ಇಲ್ಲ. ವಿಜ್ಞಾನಿಗಳು ಪರಸ್ಪರ ಸಿಟ್ಟಾಗುತ್ತಾರೆ, ಪುರಾವೆ ಹುಡುಕುತ್ತಾರೆ, ಪಟ್ಟು ಹಿಡಿಯುತ್ತಾರೆ. ಅದನ್ನು ಓದಿದ ಹನ್ನೆರಡು ವರ್ಷದ ಹುಡುಗಿಗೆ ಇಲ್ಲಿ ತನಗೂ ಕೆಲಸ ಇದೆ ಅನ್ನಿಸುತ್ತದೆ. ಈ ಕ್ಷೇತ್ರಕ್ಕೆ ಇದಕ್ಕಿಂತ ಜಾಸ್ತಿ ಬೇಕಾದದ್ದು ಏನಿದೆ?

ಬ್ಯಾಕರ್ ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಪುಸ್ತಕ ಬಂದ ಹತ್ತು ವರ್ಷಕ್ಕೆ, 1996ರಲ್ಲಿ, ಚೀನಾದ ಲಿಯಾವೊನಿಂಗ್‌ನ ಸೈನೋಸಾರಾಪ್ಟೆರಿಕ್ಸ್ ಎಂಬ ಡೈನೋಸಾರ್ ಜಗತ್ತಿಗೆ ಪರಿಚಯವಾಯಿತು. ಅದರ ಮೈಮೇಲೆ ಗರಿಗಳ ಆರಂಭದಂಥ ಎಳೆಗಳಿದ್ದವು. ಹಕ್ಕಿಗಳ ನಂಟಿನ ಬಗ್ಗೆ ಪುಸ್ತಕದಲ್ಲಿ ಓದಿದವರಿಗೆ ಅದು ತಕ್ಷಣ ಅರ್ಥವಾಗುವಂಥ ಸುದ್ದಿ.

ವಿರೋಧ

ಉತ್ಸಾಹ ಅರ್ಥವಾಗುತ್ತದೆ. ಆದರೆ ಗೆದ್ದ ಮಾತುಗಳನ್ನಷ್ಟೇ ಎಣಿಸಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಅದೇ 1986ರ ಪುಸ್ತಕ ಡೈನೋಸಾರ್‌ಗಳು ಅಳಿದದ್ದು ಹೇಗೆ ಎಂದೂ ಹೇಳಿತು. ಕ್ಷುದ್ರಗ್ರಹ ಬಡಿದದ್ದರಿಂದಲ್ಲ, ಸಮುದ್ರ ಇಳಿದು ಖಂಡಗಳ ನಡುವೆ ದಾರಿ ತೆರೆದಾಗ ಪ್ರಾಣಿಗಳ ಜೊತೆ ಹೊಸ ರೋಗಗಳೂ ಹರಡಿದ್ದರಿಂದ ಎಂದು. 1991ರಲ್ಲಿ ಮೆಕ್ಸಿಕೊದ ಚಿಕ್ಸುಲೂಬ್‌ನ ಕುಳಿ ಆ ಕ್ಷುದ್ರಗ್ರಹ ಬಿದ್ದ ಜಾಗ ಎಂದು ಗುರುತಾಯಿತು. ಇಂದು ರೋಗದ ವಾದವನ್ನು ಹಿಡಿದುಕೊಂಡವರು ಸಿಗುವುದೇ ಕಷ್ಟ. ಬಿಸಿರಕ್ತದ ಅಧ್ಯಾಯಕ್ಕೂ ರೋಗದ ಅಧ್ಯಾಯಕ್ಕೂ ಧ್ವನಿ ಒಂದೇ, ಭರವಸೆ ಒಂದೇ. ಯಾವುದು ಗಟ್ಟಿ, ಯಾವುದು ಊಹೆ ಎಂದು ಸಾಮಾನ್ಯ ಓದುಗ ಹೇಗೆ ತಿಳಿಯಬೇಕು? ಅವನ ಬಳಿ ಮೂಳೆ ಇಲ್ಲ, ಸೂಕ್ಷ್ಮದರ್ಶಕವೂ ಇಲ್ಲ. ಲೇಖಕರ ಹೆಸರನ್ನು ನಂಬುವುದೊಂದೇ ಅವನಿಗಿರುವ ದಾರಿ.

ಬಿಸಿರಕ್ತದ ಉತ್ತರವೂ ಅಷ್ಟು ಸರಳವಾಗಿ ಉಳಿದಿಲ್ಲ. 2014ರ ಒಂದು ಅಧ್ಯಯನ ಬೆಳವಣಿಗೆಯ ವೇಗ ಅಳೆದು, ಡೈನೋಸಾರ್‌ಗಳು ಬಿಸಿರಕ್ತ, ತಣ್ಣರಕ್ತ ಎರಡರ ನಡುವಿನವು ಎಂದಿತು. 2022ರ ಇನ್ನೊಂದು ಅಧ್ಯಯನ ಮೂಳೆಯ ರಸಾಯನ ಪರೀಕ್ಷಿಸಿತು. ಹಲವು ಗುಂಪುಗಳು ಬಿಸಿರಕ್ತದವು, ಆದರೆ ಸ್ಟೆಗೋಸಾರಸ್, ಟ್ರೈಸೆರಾಟಾಪ್ಸ್ ಗುಂಪಿನವುಗಳಲ್ಲಿ ಮೈಬಿಸಿ ಉತ್ಪಾದಿಸುವ ವೇಗ ಕಡಿಮೆಯಾಗಿತ್ತು ಎಂದಿತು. ಪ್ರಶ್ನೆ ಇನ್ನೂ ತೆರೆದೇ ಇದೆ.

ನನ್ನನ್ನು ಜಾಸ್ತಿ ಕಾಡುವುದು ಓವಿರಾಪ್ಟರ್ ಎಂಬ ಡೈನೋಸಾರ್‌ನ ಕತೆ. 1923ರಲ್ಲಿ ರಾಯ್ ಚಾಪ್‌ಮನ್ ಆಂಡ್ರೂಸ್ ತಂಡಕ್ಕೆ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ಮೇಲೆ ಒಂದು ಅಸ್ಥಿಪಂಜರ ಸಿಕ್ಕಿತು. ಮೊಟ್ಟೆಗಳು ಇನ್ನೊಂದು ಡೈನೋಸಾರ್ ಆದ ಪ್ರೊಟೊಸೆರಾಟಾಪ್ಸ್‌ನವು ಎಂದುಕೊಂಡರು. 1924ರಲ್ಲಿ ಹೆನ್ರಿ ಆಸ್ಬರ್ನ್ ಈ ಪ್ರಾಣಿಗೆ ಮೊಟ್ಟೆಕಳ್ಳ ಎಂಬ ಅರ್ಥದ ಹೆಸರಿಟ್ಟರು. ಈ ಹೆಸರು ಪ್ರಾಣಿಯ ಆಹಾರದ ಬಗ್ಗೆ ದಾರಿ ತಪ್ಪಿಸಬಹುದು ಎಂದು ಅದೇ ಪ್ರಬಂಧದಲ್ಲಿ ಎಚ್ಚರವನ್ನೂ ಬರೆದರು. ಎಚ್ಚರದ ಸಾಲು ಪ್ರಬಂಧದಲ್ಲೇ ಉಳಿಯಿತು, ಕಳ್ಳ ಮಾತ್ರ ಜನಪ್ರಿಯ ಪುಸ್ತಕಗಳಿಗೆ ನಡೆದುಬಂದ. 1993ರಲ್ಲಿ ಅದೇ ಗೋಬಿಯಲ್ಲಿ ಅಂಥದ್ದೇ ಮೊಟ್ಟೆಯೊಳಗೆ ಭ್ರೂಣ ಸಿಕ್ಕಿತು. ಅದು ಓವಿರಾಪ್ಟರ್ ಬಳಗದ್ದೇ ಮರಿ. ಆಮೇಲೆ ಗೂಡಿನ ಮೇಲೆ ಕಾವು ಕೊಡುವ ಭಂಗಿಯಲ್ಲೇ ಸತ್ತ ಪ್ರಾಣಿಯೂ ದೊರೆಯಿತು. ತನ್ನ ಮೊಟ್ಟೆ ಕಾಯುತ್ತಿದ್ದಿರಬಹುದಾದ ಜೀವವನ್ನು ಎಪ್ಪತ್ತು ವರ್ಷ ಸುಮ್ನೆ ಕಳ್ಳ ಅಂದೆವು.

ಟಿ. ರೆಕ್ಸ್‌ನದ್ದೂ ಇಂಥದ್ದೇ ಪಾಡು. ಅದು ಬೇಟೆಗಾರನಲ್ಲ, ಸತ್ತದ್ದನ್ನು ತಿನ್ನುವ ಪ್ರಾಣಿ ಎಂಬ ಪಳೆಯುಳಿಕೆ ತಜ್ಞ ಜ್ಯಾಕ್ ಹಾರ್ನರ್ ವಾದ 1990ರ ದಶಕದಲ್ಲಿ ಪುಸ್ತಕ, ಟಿವಿಗಳ ಮೂಲಕ ಮನೆಮಾತಾಯಿತು. ಉಳಿದವರು ಅದನ್ನು ಅಲ್ಲಗಳೆಯಲು ಎಷ್ಟೋ ಶ್ರಮ ಹಾಕಬೇಕಾಯಿತು. ಸತ್ತದ್ದು ಸಿಕ್ಕರೆ ಟಿ. ರೆಕ್ಸ್ ಬಿಡುತ್ತಿರಲಿಲ್ಲ ಎಂಬುದರಲ್ಲಿ ತಕರಾರಿಲ್ಲ. ಆದರೆ 2013ರಲ್ಲಿ ವರದಿಯಾದ ಒಂದು ಪಳೆಯುಳಿಕೆಯಲ್ಲಿ, ಸಸ್ಯಾಹಾರಿ ಡೈನೋಸಾರ್‌ನ ಬಾಲದ ಮೂಳೆಯಲ್ಲಿ ಟಿ. ರೆಕ್ಸ್‌ನ ಹಲ್ಲು ಸಿಕ್ಕಿಕೊಂಡಿತ್ತು. ಅದರ ಸುತ್ತ ಮೂಳೆ ಬೆಳೆದು ಗಾಯ ಮಾಗಿತ್ತು. ಅಂದರೆ ಟಿ. ರೆಕ್ಸ್ ಬಾಯಿ ಹಾಕಿದ್ದು ಜೀವಂತ ಪ್ರಾಣಿಗೆ, ಅದು ತಪ್ಪಿಸಿಕೊಂಡೂ ಇತ್ತು. ಈ ಪ್ರಬಂಧ ಓದಿದವರು ಎಷ್ಟು ಜನ? ಟಿವಿ ನೋಡಿದವರು ಎಷ್ಟು ಜನ?

ಪುಸ್ತಕವೇ ಬೇಡ ಎಂದು ನಾನು ಹೇಳುವುದಿಲ್ಲ. ಕ್ರಮ ಬದಲಾಗಲಿ ಎನ್ನುತ್ತೇನೆ. ಮೊದಲು ಪುರಾವೆ ಸಹೋದ್ಯೋಗಿಗಳ ಕೈಗೆ ಹೋಗಲಿ, ಅವರು ತಿರುವಿ ನೋಡಲಿ, ತಕರಾರು ಎತ್ತಲಿ. ಇದಕ್ಕೆ ಒಳ್ಳೆಯ ಉದಾಹರಣೆಯೂ ಹಾರ್ನರ್ ಅವರೇ. ಮೊಂಟಾನಾದಲ್ಲಿ ಅವರು ಮತ್ತು ರಾಬರ್ಟ್ ಮಕೇಲಾ ಮಯಾಸಾರಾ ಎಂಬ ಡೈನೋಸಾರ್‌ನ ಗೂಡುಗಳನ್ನು ಕಂಡರು. ಮರಿಗಳ ಹಲ್ಲು ಸವೆದಿತ್ತು, ಆದರೂ ಅವು ಇನ್ನೂ ಗೂಡಿನಲ್ಲೇ ಇದ್ದವು. ದೊಡ್ಡವು ಆಹಾರ ತಂದುಕೊಡುತ್ತಿದ್ದವು ಎಂದು ಇಬ್ಬರೂ ವಾದಿಸಿದರು. ಪ್ರಬಂಧ ಬಂದದ್ದು 1979ರಲ್ಲಿ. ಎಲ್ಲರೂ ಓದುವಂಥ ಪುಸ್ತಕ ಹಾರ್ನರ್ ಬರೆದದ್ದು 1988ರಲ್ಲಿ. ನಡುವಿನ ಒಂಬತ್ತು ವರ್ಷ ಆ ಮಾತನ್ನು ಪ್ರಶ್ನಿಸಲು ಬೇರೆಯವರಿಗೆ ಅವಕಾಶವಿತ್ತು.