ಸೋರಿಕೆಗೂ ಒಂದು ಲೆಕ್ಕ ಬೇಕು

ಎಲೆಕ್ಟ್ರಿಕ್ ಗಿಟಾರಿನ ಒಳಗೆ ಏನೇನಿದೆ ನೋಡೋಣ ಅಂತ ಬಿಚ್ಚಿದವರಿಗೆ ಮೊದಲು ಆಗುವುದು ನಿರಾಸೆ. ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ಕೊಂಡ ವಾದ್ಯ. ತಂತಿ ಸಡಿಲ ಮಾಡಿ, 11 ಸ್ಕ್ರೂ ಬಿಚ್ಚಿ (ಅದರಲ್ಲಿ ಒಂದು ದಿವಾನದ ಕೆಳಗೆ ಹೋಗುವುದು ಕಡ್ಡಾಯ), ಮುಂದಿನ ಪ್ಲಾಸ್ಟಿಕ್ ಪ್ಲೇಟು ಎತ್ತಿದರೆ ಸಿಗುವುದು ಮೂರು ಪಿಕಪ್ಪು, ಮೂರು ಪಾಟು (ನಾಬು ತಿರುಗಿಸುವ ಪೊಟೆನ್ಶಿಯೊಮೀಟರು), ಒಂದು ಸ್ವಿಚ್ಚು, ಒಂದು ಕೆಪಾಸಿಟರು, ಇವನ್ನೆಲ್ಲ ಸೇರಿಸಿಟ್ಟ ಒಂದಷ್ಟು ವೈರು. ನನ್ನ ಹೆಂಡತಿ ಒಮ್ಮೆ ಬಗ್ಗಿ ನೋಡಿ, "ಇಷ್ಟಕ್ಕಾ ರೀ ಅಷ್ಟು ದುಡ್ಡು?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಅದಕ್ಕಿಂತ ದೊಡ್ಡ ನಿರಾಸೆ ಇನ್ನೊಂದಿದೆ. ಈ ಸಾಮಾನುಗಳಲ್ಲಿ ಒಂದೂ ನಾದಕ್ಕೆ ಏನನ್ನೂ ಸೇರಿಸುವುದಿಲ್ಲ. ಪಿಕಪ್ಪಿನಲ್ಲಿ ಅಯಸ್ಕಾಂತ ಇರುತ್ತದೆ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಅದುರಿದರೆ ಒಳಗೆ ಚೂರು ಕರೆಂಟು ಹುಟ್ಟುತ್ತದೆ. ಹುಟ್ಟುವುದು ಅಲ್ಲಿಗೆ ಮುಗಿಯಿತು. ಮುಂದೆ ಇರುವುದೆಲ್ಲ ಕಳೆಯುವ ಕೆಲಸ. ವಾಲ್ಯೂಮ್ ನಾಬು ಅದರಲ್ಲಿ ಒಂದು ಪಾಲನ್ನು ಅರ್ತಿಗೆ ಬಿಡುತ್ತದೆ, ಟೋನ್ ನಾಬು ಕೆಪಾಸಿಟರಿನ ಮೂಲಕ ಕೀರಲು ಪಾಲನ್ನು ಮಾತ್ರ ಆರಿಸಿ ಅರ್ತಿಗೆ ಬಿಡುತ್ತದೆ. ನಮ್ಮ ಬೀದಿಗೆ ನೀರು ಬಿಡುವ ವಾಲ್ವ್‌ಮನ್ ಇದ್ದಾನಲ್ಲ, ಅವನ ಕೆಲಸವೇ ಇದು. ಅವನೇನೂ ನೀರು ಹುಟ್ಟಿಸುವುದಿಲ್ಲ. ಅತ್ತಲಾಗಿನ ಬೀದಿಗೆ ಎಷ್ಟು ಹೋಯಿತು ಅನ್ನುವುದರ ಮೇಲೆ ನಮ್ಮ ಸಂಪಿನ ಭವಿಷ್ಯ. ಹಾಗಾಗಿ ಗಿಟಾರಿನ ವೈರಿಂಗ್ ಬದಲಿಸಿ ಟೋನ್ ಸುಧಾರಿಸುತ್ತೇನೆ ಅಂತ ಹೊರಡುವವನು ನಿಜವಾಗಿ ಹುಡುಕುತ್ತಿರುವುದು, ಎಷ್ಟು ಸೋರಿದರೆ ಚೆನ್ನ ಅನ್ನುವ ಲೆಕ್ಕವನ್ನು. ಅದಕ್ಕೆ ಅವನು ಕೈಯಿಂದ ದುಡ್ಡನ್ನೂ ಸೋರಿಸುತ್ತಾನೆ.

ಈ ರೋಗ ನಮ್ಮ ಕಾಲದ್ದೇನಲ್ಲ. ಫೆಂಡರ್ ಕಂಪನಿ 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಅನ್ನುವ ಗಿಟಾರು ತಂದಾಗ ಅದಕ್ಕೆ ಕೊಟ್ಟಿದ್ದು ಮೂರೇ ಜಾಗದ ಸ್ವಿಚ್ಚು: ಹಿಂದಿನ ಪಿಕಪ್ಪು, ನಡುವಿನದು, ಮುಂದಿನದು. ಒಂದು ಸಲಕ್ಕೆ ಒಂದು. ನುಡಿಸುವವರು ಸುಮ್ಮನಿದ್ದಾರೆಯೇ? ಸ್ವಿಚ್ಚನ್ನು ಎರಡು ಜಾಗದ ನಡುವೆ ಸಿಕ್ಕಿಸಿ ನಿಲ್ಲಿಸಿದರು. ಎರಡು ಪಿಕಪ್ಪು ಒಟ್ಟಿಗೆ ಕೂಗಿ ಗಂಟೆಯಂಥ ಹೊಸ ದನಿಯೊಂದು ಬಂತು. ಸ್ವಿಚ್ಚು ಜಾರದ ಹಾಗೆ ಏನೇನೋ ತುರುಕಿ ನುಡಿಸಿದರು, ರೆಕಾರ್ಡು ಮಾಡಿದರು. ಕಂಪನಿ ಐದು ಜಾಗದ ಸ್ವಿಚ್ಚನ್ನು ತಾನೇ ಹಾಕಿ ಕೊಟ್ಟಿದ್ದು 1977ರಲ್ಲಿ. ಗಿರಾಕಿ ಕೈಯಾರೆ ಮಾಡಿಕೊಂಡ ಎಡವಟ್ಟನ್ನು ಕಂಪನಿ ಒಪ್ಪಲು 23 ವರ್ಷ.

ನನ್ನದು ಆ ಸ್ಟ್ರಾಟಿನ ಅಗ್ಗದ ನಕಲು. ಅದರ ಪಾಟು ಕರಕರ ಅನ್ನುತ್ತಿತ್ತು, ಟೋನ್ ನಾಬು ತಿರುಗುತ್ತಿತ್ತೇ ಹೊರತು ಏನೂ ಆಗುತ್ತಿರಲಿಲ್ಲ. ಸರಿ, ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನಿನ ಬೀದಿ ಎಸ್.ಪಿ. ರೋಡಿಗೆ ಹೋದೆ. ಗಲ್ಲಿಯೊಳಗಿನ ಗಲ್ಲಿ, ಮೆಟ್ಟಿಲ ಕೆಳಗಿನ ಅಂಗಡಿ, ಗೋಡೆ ತುಂಬ ಪುಟಾಣಿ ಡ್ರಾಯರು.

"ಅಣ್ಣ, 250ಕೆ ಪಾಟ್ ಇದ್ಯಾ? ಎ ಟೈಪು."

"ಯಾವ್ದಕ್ಕೆ ಸಾರ್?"

"ಗಿಟಾರಿಗೆ."

"ಗಿಟಾರಿಗೆ ಯಾಕ್ ಸಾರ್ ಕರೆಂಟು?"

ಪಕ್ಕದಲ್ಲಿ ಯುಪಿಎಸ್ ಸಾಮಾನಿಗೆ ಬಂದಿದ್ದವರೂ ನನ್ನ ಕಡೆ ತಿರುಗಿದರು. 250 ಕಿಲೋ ಓಮ್‌ನದು ಇಲ್ಲ, 220 ಇದೆ, 470 ಇದೆ ಅಂದ. ತೊಂದರೆಯಿಲ್ಲ, ನನ್ನ ಗಿಟಾರಿನಂಥ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿಗೆ 220 ಸಾಕು. ಅದರ ದನಿ ಮೊದಲೇ ಚುರುಕು, ಒಂಚೂರು ಸೋರಿದರೆ ಒಳ್ಳೆಯದೇ. ಎ ಟೈಪು ಮಾತ್ರ ಇಲ್ಲವಂತೆ. "ಬಿ ತಗೊಳ್ಳಿ ಸಾರ್, ಎಲ್ಲಾ ಒಂದೇ. ಇದೂ ತಿರುಗತ್ತೆ."

ತಿರುಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮ ಕಿವಿ ಸದ್ದನ್ನು ಸ್ಕೇಲಿಟ್ಟು ಅಳೆಯುವುದಿಲ್ಲ, ಅದಕ್ಕೇ ವಾಲ್ಯೂಮಿಗೆ ಕಿವಿಯ ಲೆಕ್ಕಕ್ಕೆ ಹೊಂದುವ ಎ ಟೈಪು ಬೇಕು, ಸಮಸಮ ಹೆಜ್ಜೆಯ ಬಿ ಅಲ್ಲ. ಬಿ ಹಾಕಿದರೆ 10ರಿಂದ 2ರವರೆಗೆ ತಿರುಗಿಸಿದರೂ ಅಬ್ಬರ ಅಷ್ಟೇನೂ ಇಳಿಯುವುದಿಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಉಸಿರೇ ನಿಂತುಬಿಡುತ್ತದೆ. ರಾತ್ರಿ ಹತ್ತರ ಮೇಲೆ ನುಡಿಸುವವನಿಗೆ ಇದರ ಅರ್ಥ: ಇಡೀ ಅಪಾರ್ಟ್‌ಮೆಂಟಿಗೆ ಕಚೇರಿ, ಇಲ್ಲವೇ ಮೌನವ್ರತ. ಎ ಟೈಪು ಕೊನೆಗೂ ನಾಲ್ಕನೇ ಅಂಗಡಿಯಲ್ಲಿ, ಟೇಪ್‌ರೆಕಾರ್ಡರ್ ಕಾಲದ ಧೂಳಿನ ಸಮೇತ ಸಿಕ್ಕಿತು.

ಕೆಪಾಸಿಟರ್ ಕಥೆ ಬೇರೆ. ಟೋನಿಗೆ ಬೇಕಾದದ್ದು 0.022 ಮೈಕ್ರೋಫ್ಯಾರಡ್. ಅದರ ಮೈಮೇಲೆ 223 ಅಂತಿರುತ್ತದೆ. 22ರ ಮುಂದೆ ಮೂರು ಸೊನ್ನೆ, ಅಷ್ಟು ಪಿಕೋಫ್ಯಾರಡ್. ಪೊಟ್ಟಣದ ಮೇಲೆ 223 ಅಂತ ಪೆನ್ನಿನಲ್ಲಿ ಬರೆದು ಕೊಟ್ಟ. ಒಳಗಿದ್ದದ್ದು 224. ಒಂದು ಸೊನ್ನೆ ಜಾಸ್ತಿ, ಅಂದರೆ ಹತ್ತು ಪಟ್ಟು. ಇರುವೆ ಗಾತ್ರದ ಆ ಅಂಕಿಯನ್ನು ನಲವತ್ತು ದಾಟಿದ ಕಣ್ಣು ಟ್ಯೂಬ್‌ಲೈಟಿನ ಕೆಳಗೆ ಓದುವುದು ಸಾಧ್ಯವಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿಯೇ ಓದಬೇಕು. ಅಷ್ಟರಲ್ಲಿ ಬೆಸುಗೆ ಆಗಿಹೋಗಿತ್ತು. ಟೋನ್ ನಾಬು ಇಳಿಸಿದರೆ ಸ್ವರ ಕೇಳಿಸುತ್ತಿತ್ತು, ಅಕ್ಷರ ಕೇಳಿಸುತ್ತಿರಲಿಲ್ಲ. ಇದೇ ಅಳತೆಯದನ್ನು ಎಣ್ಣೆಯಲ್ಲಿ ಅದ್ದಿದ ಕಾಗದದ ಹಳೇ ಮಾಲು ಅಂತ ಸಾವಿರಾರು ರೂಪಾಯಿಗೆ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. ನನ್ನ ಕಿವಿಗಂತೂ ಅಂಕಿ ಸರಿಯಿದ್ದರೆ ಐದು ರೂಪಾಯಿಯದೇ ಸಾಕು.

ಇನ್ನು ಬೆಸುಗೆ. ಪಾಟಿನ ಬೆನ್ನಿಗೆ ಅರ್ತ್ ವೈರ್ ಹಚ್ಚುವುದಿದೆಯಲ್ಲ, ಅಷ್ಟು ಹಟಮಾರಿ ಕೆಲಸ ಇನ್ನೊಂದಿಲ್ಲ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಇಟ್ಟರೆ ಆ ಲೋಹದ ಬೆನ್ನು ಇರುವ ಬಿಸಿಯನ್ನೆಲ್ಲ ಹೀರಿಕೊಂಡು ತಣ್ಣಗೆ ಕೂರುತ್ತದೆ. ಲೆಡ್ಡು ಕರಗಿ ಗುಂಡಗಾಗಿ, ಅಂಟಿದ ಹಾಗೆ ನಟಿಸಿ, ಐರನ್ ಎತ್ತುತ್ತಿದ್ದಂತೆ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದೇ ಡ್ರೈ ಸೋಲ್ಡರ್. ಟಿವಿ ರಿಪೇರಿಯವರು ಹಿಂದೆ ಸೆಟ್ಟಿನ ತಲೆಗೆ ಒಂದು ಏಟು ಕೊಟ್ಟು ಚಿತ್ರ ತರಿಸುತ್ತಿದ್ದುದು ಈ ಪುಣ್ಯಾತ್ಮನ ದೆಸೆಯಿಂದಲೇ. ಬೆನ್ನನ್ನು ಮೊದಲು ಉಪ್ಪುಕಾಗದದಿಂದ ಉಜ್ಜಿ, ಪೇಸ್ಟ್ ಸವರಿ, 60 ವ್ಯಾಟಿನದನ್ನು ಇಟ್ಟರೆ ಮಾತ್ರ ಲೆಡ್ಡು ನೀರಾಗಿ ಹರಡಿ ಫಳಫಳ ಅನ್ನುತ್ತದೆ. ಬೆಸೆದದ್ದು ಸರಿಯೋ ಅಂತ ನೋಡಲು ತಂತಿ ಕಟ್ಟುವ ಮೊದಲೇ ಆಂಪಿಗೆ (ಆಂಪ್ಲಿಫೈಯರಿಗೆ) ಸಿಕ್ಕಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಪಿಕಪ್ಪಿನ ತಲೆ ಮುಟ್ಟಬೇಕು. ಟಕ್ ಅಂದರೆ ಜೀವ ಇದೆ.

"ಅಳಿಯಂದ್ರೇ, ಏನೋ ಸೀದ ವಾಸನೆ." ಇದು ಅತ್ತೆ. ಮೈಸೂರಿನಿಂದ ಅವರೆಕಾಯಿ ಸೀಸನ್ನಿಗೆ ಬಂದವರು. ಸಂಗೀತದ ಸೀನಿಯರ್ ಪರೀಕ್ಷೆ ಪಾಸು ಮಾಡಿದವರು. ಶ್ರುತಿ ಪೆಟ್ಟಿಗೆ ಮಾತ್ರ ಮೈಸೂರಿನಲ್ಲೇ ಉಳಿದಿತ್ತು.

ಸಿಂಗಲ್ ಕಾಯಿಲ್ ಪಿಕಪ್ಪಿನ ದೊಡ್ಡ ದೋಷ ಗುಂಯ್‌ಗುಡುವುದು. ತಂತಿಯ ಅದುರು ಹಿಡಿಯಲು ಇಟ್ಟ ಸುರುಳಿ ಮನೆಯ ವೈರಿಂಗು, ಟ್ರಾನ್ಸ್‌ಫಾರ್ಮರು, ಎಲ್ಲವನ್ನೂ ಹಿಡಿಯುತ್ತದೆ. ಮಿಕ್ಸಿಯಂತೂ ಮೋಟಾರಿನ ಕಿಡಿ ಸಮೇತ ಬರುತ್ತದೆ, ಅಡುಗೆಮನೆಯಲ್ಲಿ ಚಟ್ನಿ ನುಣ್ಣಗಾಯಿತೇ ಅಂತ ನಾನು ಹಾಲಿನಿಂದಲೇ ಹೇಳಬಲ್ಲೆ. ನನಗೆ ಈ ಗುಂಯ್ ತೊಲಗಬೇಕಿತ್ತು. ಅದಕ್ಕೆ ಮದ್ದು ಹಳೆಯದೇ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ: ಎರಡು ಸುರುಳಿ ಇಡು, ಒಂದನ್ನು ಉಲ್ಟಾ ಸುತ್ತು, ಅದರ ಅಯಸ್ಕಾಂತವನ್ನೂ ತಿರುಗಿಸು. ಸ್ವರ ಕೂಡುತ್ತದೆ, ಗುಂಯ್ ಒಂದನ್ನೊಂದು ಹೊಡೆದು ಹಾಕುತ್ತದೆ. ಸ್ಟ್ರಾಟಿನ ನಡುವಿನ ಪಿಕಪ್ಪನ್ನು ಹಾಗೆ ಉಲ್ಟಾ ಜಾತಿಯದು ಹಾಕಿದರೆ, ಎರಡೆರಡು ಪಿಕಪ್ಪು ಒಟ್ಟಿಗೆ ಕೂಗುವ 2 ಮತ್ತು 4ನೇ ಜಾಗದಲ್ಲಿ ಮನೆ ನಿಶ್ಶಬ್ದ.

ತರಿಸಿದೆ, ಹಾಕಿದೆ. 2ಕ್ಕೆ ತಳ್ಳಿದರೆ ಸ್ವರ ಮೂಗಿನಿಂದ ಬರುತ್ತಿದೆ, ಗುಂಯ್ ಹಾಗೇ ಇದೆ. ಬಿಳಿ ವೈರು ಸಿಗ್ನಲ್ಲಿಗೆ, ಕಪ್ಪು ಅರ್ತಿಗೆ ಅನ್ನುವುದು ಒಂದು ಕಂಪನಿಯ ಶಾಸ್ತ್ರವಂತೆ. ಈ ಪಿಕಪ್ಪು ಮಾಡಿದವರದು ಬೇರೆ ಮಠ. ಎರಡು ಪಿಕಪ್ಪು ಎದುರುಬದುರಾಗಿ ಎಳೆದಾಡುತ್ತಿದ್ದವು. ಇಂಗ್ಲೆಂಡಿನ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ ಲೆಸ್ ಪಾಲ್ ಗಿಟಾರಿನಲ್ಲಿ ಒಂದು ಪಿಕಪ್ಪಿನ ಅಯಸ್ಕಾಂತ ಉಲ್ಟಾ ಕೂತಿತ್ತು. ಇದೇ ಮೂಗಿನ ದನಿ ಅವರ ಕೈಯಲ್ಲಿ ಜಗತ್ಪ್ರಸಿದ್ಧವಾಯಿತು. ನಮ್ಮಲ್ಲಿ ಅದಕ್ಕೆ ಬಂದ ವಿಮರ್ಶೆ: "ರೀ, ಅದಕ್ಕೆ ನೆಗಡಿ ಆಗಿದೆಯಾ?"

ಅತ್ತೆ ಅದೇನನ್ನೂ ಗಮನಿಸಿರಲಿಲ್ಲ. ಆಂಪಿನ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ, ಗುಂಯ್‌ಗೆ ದನಿ ಸೇರಿಸಿ ಮೋಹನ ರಾಗ ಆಲಾಪನೆ ಮಾಡುತ್ತಿದ್ದರು.

"ಇದು ಐದರ ಶ್ರುತಿ ಕಣ್ರೀ. ಒಂಚೂರು ಮೇಲಿದೆ, ಐದೂವರೆ ಅಲ್ಲ. ಪಂಚಮನೂ ಕೇಳ್ತಿದೆ."

ನಾನು ಲೆಕ್ಕ ಹಾಕಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ. ಶ್ರುತಿ ಪೆಟ್ಟಿಗೆಯ ಐದನೆಯ ಮನೆಯ ಷಡ್ಜ ಕೆಳಸ್ಥಾಯಿಯಲ್ಲಿ 49, ಐದೂವರೆಯದು ಸುಮಾರು 52. ಗುಂಯ್‌ನಲ್ಲಿ 100 ಇದೆ, 150 ಇದೆ. 100 ಷಡ್ಜವಾದರೆ 150 ಅದರ ಪಂಚಮವೇ. ಗೃಹಿಣಿಯರ ಅನುಕೂಲಕ್ಕೆ ಅಂತಲೇ ವಿದ್ಯುತ್ ಇಲಾಖೆ ಓಣಿ ಓಣಿಗೂ ತಂಬೂರಿ ಎಳೆದುಕೊಟ್ಟಿದೆ. ಅಮೆರಿಕದಲ್ಲಿ 60 ಆವರ್ತ. ಅಲ್ಲಿಗೆ ಹೋದ ಹೆಣ್ಣುಮಕ್ಕಳು ಆರೂವರೆಯ ಮೇಲೆ ಹಾಡಬೇಕು, ಪಾಪ.

ಮಾರನೇ ದಿನ ನಡುವಿನ ಪಿಕಪ್ಪಿನ ಎರಡು ವೈರನ್ನು ಅದಲು ಬದಲು ಮಾಡಿದೆ. 2ರಲ್ಲೂ 4ರಲ್ಲೂ ನೆಗಡಿ ಹೋಯಿತು, ಗುಂಯ್ ಅಡಗಿತು, ಆ ಗಂಟೆಯ ದನಿ ಬಂತು. ಹೆಂಡತಿಯನ್ನು ಕರೆದು ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸ ಕೇಳಿದೆ. "ಎರಡೂ ಗಿಟಾರೇ ಅಲ್ವಾ?" ಅಂದಳು. ಮಗ ಹೆಡ್‌ಫೋನ್ ತೆಗೆಯಲೇ ಇಲ್ಲ.

ಅಡುಗೆಮನೆಯಿಂದ ಅತ್ತೆಯೇ ಬಂದರು, ಕೈಯಲ್ಲಿ ಅವರೆಕಾಳಿನ ಬಟ್ಟಲು.

"ಅಳಿಯಂದ್ರೇ, ಶ್ರುತಿ ಎಲ್ಲಿ ಹೋಯ್ತು? ಚೆನ್ನಾಗಿದ್ದಿದ್ದನ್ನ ಏನೋ ರಿಪೇರಿ ಮಾಡಿಟ್ರಲ್ಲ."

ಇಡೀ ಮನೆಯಲ್ಲಿ ನನ್ನ ವೈರಿಂಗ್ ಬದಲಾದದ್ದನ್ನು ಕಿವಿಯಿಂದ ಕಂಡುಹಿಡಿದವರು ಅವರೊಬ್ಬರೇ. ಸ್ವಿಚ್ಚನ್ನು ಮೂಲೆಗೆ ತಳ್ಳಿ ತೋರಿಸಿದೆ. ಒಂಟಿ ಪಿಕಪ್ಪು, ಗುಂಯ್ ವಾಪಸ್ಸು. ಆಗ ಅವರ ಮುಖ ನೋಡಬೇಕಿತ್ತು. ಅವರಿದ್ದಷ್ಟು ದಿನ ಗಿಟಾರು ಹಾಲಿನಲ್ಲಿ, ಆಂಪಿಗೆ ಸಿಕ್ಕಿಸಿಕೊಂಡು, 1ನೇ ಜಾಗದಲ್ಲೇ ಇತ್ತು. ನಾನು 4ಕ್ಕೆ ತಳ್ಳಲು ಹೋದರೆ ಅಡುಗೆಮನೆಯಿಂದಲೇ ಕೂಗು: "ಅದನ್ನ ಮುಟ್ಟಬೇಡಿ, ಆಲಾಪನೆ ಇನ್ನೂ ಮುಗಿದಿಲ್ಲ!"