ಮಾತ್ರೆ ಬಿಡಿ ಅನ್ನುವವರು ರಾತ್ರಿ ಕಾವಲಿಗೆ ಬರುತ್ತಾರಾ?

ಇವತ್ತು ಸ್ವಲ್ಪ ಉದ್ದ ಬರೆಯುತ್ತೇನೆ. ಸಿಟ್ಟು ಬಂದಿದೆ. ಭಾನುವಾರದಿಂದ ತಡೆದುಕೊಂಡಿದ್ದೆ, ಇನ್ನು ಆಗುವುದಿಲ್ಲ.

ಭಾನುವಾರ ಕುಶಾಲನಗರದಲ್ಲಿ ನೆಂಟರ ಮನೆ ಗೃಹಪ್ರವೇಶ. ಊಟಕ್ಕೆ ಕೂತಾಗ ನನ್ನ ಎದುರು ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಅಮ್ಮ. ಹುಡುಗಿಗೆ ಇಪ್ಪತ್ತು, ಇಪ್ಪತ್ತೆರಡು ಇರಬಹುದು. ಎಲೆಗೆ ಬಡಿಸಿದ್ದು ಯಾವುದನ್ನೂ ಬಾಯಿಗೆ ಇಡಲಿಲ್ಲ. ಹೋಳಿಗೆಯನ್ನು ಮುರಿದು, ಎಲೆಯ ನಡುನರದ ಉದ್ದಕ್ಕೂ ಏಳು ಚೂರು ಸಾಲಾಗಿ ಇಟ್ಟಳು. ಒಂದೊಂದರ ಮೇಲೂ ಬೆರಳಿಟ್ಟು, ಯೋಗದವರು ಹೇಳುವ ಮೈಯ ಏಳು ಚಕ್ರಗಳ ಹೆಸರು, ಮೂಲಾಧಾರ, ಸ್ವಾಧಿಷ್ಠಾನ ಅಂತ ಶುರುಮಾಡಿ ಸಹಸ್ರಾರದವರೆಗೆ ಹೇಳಿದಳು. ಸಾರು ಆ ಕಡೆ ಹರಿದು ಬಂದಾಗ ಗಾಬರಿಯಾಗಿ ಅನ್ನದಲ್ಲಿ ಕಟ್ಟೆ ಕಟ್ಟಿದಳು. ಮಾತು ನಿಲ್ಲಲೇ ಇಲ್ಲ. ಕಣ್ಣು ಕೆಂಪಗೆ. "ನಾಲ್ಕು ದಿನ ಆಯ್ತು ಇವಳು ಮಲಗಿ" ಅಂತ ಅಮ್ಮ ಪಕ್ಕದವರಿಗೆ ಮೆಲ್ಲಗೆ ಹೇಳುತ್ತಿದ್ದರು. ಡಾಕ್ಟರಿಗೆ ತೋರಿಸಿದ್ದಾರೆ. ಮಾತ್ರೆ ಅಮ್ಮನ ಬ್ಯಾಗಿನಲ್ಲೇ ಇದೆ. ಸ್ಟ್ರಿಪ್‌ನಲ್ಲಿ ಒಂದೇ ಒಂದು ಮಾತ್ರೆ ತೆಗೆದಿದ್ದರು.

ಯಾಕೆ ಅಂದರೆ, ಯೋಗ, ಧ್ಯಾನ ಅಂತ ಓಡಾಡುವ ಹಿರಿಯರೊಬ್ಬರು ಅವರಿಗೆ ಹೇಳಿಬಿಟ್ಟಿದ್ದರು. ಅಲ್ಲೂ ನನ್ನ ಎದುರೇ ಇನ್ನೊಮ್ಮೆ ಹೇಳಿದರು. "ಇದು ಕಾಯಿಲೆ ಅಲ್ಲಮ್ಮ, ಕುಂಡಲಿನಿ ಎದ್ದಿದೆ. ಪುಣ್ಯ ಇದ್ದವರಿಗೆ ಮಾತ್ರ ಆಗೋದು. ಮಾತ್ರೆ ಕೊಟ್ಟರೆ ಶಕ್ತಿ ಅರ್ಧದಲ್ಲೇ ನಿಂತುಬಿಡುತ್ತೆ, ಬಿಡಿಸಿ." ಕುಂಡಲಿನಿ ಅಂದರೆ ಬೆನ್ನುಮೂಳೆಯ ಬುಡದಲ್ಲಿ ಮಲಗಿರುತ್ತದೆ, ಯೋಗದಿಂದ ಚಕ್ರಗಳ ಮೂಲಕ ಮೇಲೇರುತ್ತದೆ ಅಂತ ನಂಬುವ ಶಕ್ತಿ. ಊಟ ಆಯಿತು. ಅವರು ಕಾರು ಹತ್ತಿ ಹೊರಟರು.

ಆ ರಾತ್ರಿ ಹುಡುಗಿ ಪಕ್ಕ ಯಾರು ಕೂತಿರುತ್ತಾರೆ? ಅವರಾ? ಬಾಗಿಲ ಚಿಲಕ ಯಾರು ನೋಡಿಕೊಳ್ಳುತ್ತಾರೆ? ಬೆಳಗಿನ ಜಾವ ಮೂರು ಗಂಟೆಗೆ ಅವಳು ಎದ್ದು ಹೊರಟರೆ ಯಾರು ಹಿಂದೆ ಓಡುತ್ತಾರೆ?

ನನ್ನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಬೈಪೋಲಾರ್, ಮನಸ್ಸು ಕೆಲವು ಕಾಲ ವಿಪರೀತ ಏರಿ, ಕೆಲವು ಕಾಲ ಪೂರ್ತಿ ಕುಸಿಯುವ ಕಾಯಿಲೆ. ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ, ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ. ಮೊದಲ ಸಲ ಆದದ್ದು ಒಂದು ಉಸಿರಾಟದ ಶಿಬಿರ ಮುಗಿಸಿ ಬಂದ ಮೇಲೆ. ಬೆನ್ನುಮೂಳೆಯ ಬುಡದಿಂದ ಬಿಸಿ ಏರುತ್ತಿತ್ತು. ನಿದ್ದೆ ಬೇಕು ಅಂತಲೇ ಅನ್ನಿಸುತ್ತಿರಲಿಲ್ಲ. ಹೂ ಮಳೆ ಬಿದ್ದು, ಕಾಫಿ ಹೂವಾಗಿ ತೋಟವೆಲ್ಲ ಬೆಳ್ಳಗಾಗಿತ್ತು, ಅಷ್ಟೂ ಹೂವು ನನಗೋಸ್ಕರವೇ ಅರಳಿದೆ ಅಂತ ನಂಬಿದ್ದೆ. ಕೂಲಿ ಬಟವಾಡೆಗೆ ತಂದಿಟ್ಟಿದ್ದ ದುಡ್ಡನ್ನು ಕೆಲಸದವರ ಲೈನ್ ಮನೆಯ ಮಕ್ಕಳಿಗೆ ಹಂಚಿದೆ. ನಡುರಾತ್ರಿ ಬರಿಗಾಲಲ್ಲಿ ತೋಟಕ್ಕೆ ಇಳಿದೆ. ಸುಂಟಿಕೊಪ್ಪ ಕಡೆ ತೋಟ ಅಂದರೆ ಗೊತ್ತಲ್ವಾ, ಆನೆ ಯಾವ ದಿಬ್ಬದ ಮೇಲೆ ನಿಂತಿರುತ್ತೋ ಹೇಳೋಕಾಗಲ್ಲ. ಅಣ್ಣ ಟಾರ್ಚ್ ಹಿಡಿದು ಹಿಂದೆ ಬಂದ. ಬೈಯಲಿಲ್ಲ, ಎಳೆಯಲಿಲ್ಲ. ನಾನು ನಡೆದಷ್ಟು ದೂರ ಅವನೂ ನಡೆದ. ಅತ್ತಿಗೆ ಆಮೇಲೆ ಎಷ್ಟೋ ದಿನ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಕಿಕೊಂಡು ಮಲಗಿದರು. ಆ ವಾರದ ಬಟವಾಡೆಗೆ ಅಣ್ಣ ಸಾಲ ಮಾಡಿದ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆ ದಿನಗಳು ಚೆನ್ನಾಗಿದ್ದವು. ಅಷ್ಟು ಬೆಳಕು, ಅಷ್ಟು ಪ್ರೀತಿ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ. ಈಗಲೂ ಕೆಲವು ಸಂಜೆ ಅದು ಬೇಕು ಅನ್ನಿಸುತ್ತೆ. ಅದು ಬರೀ ತಲೆಯ ರಾಸಾಯನಿಕ ಅಂತ ಯಾರಾದರೂ ಅಂದರೆ ನನಗೆ ನೋವಾಗುತ್ತದೆ. ಹಾಗಾಗಿ ಕುಂಡಲಿನಿ ಸುಳ್ಳು ಅಂತ ವಾದ ಮಾಡಲು ನಾನು ಇಲ್ಲಿಗೆ ಬಂದಿಲ್ಲ. ಆದರೆ ಆ ಬೆಳಕಿನ ಹಿಂದೆಯೇ ಬಂದದ್ದನ್ನೂ ನಾನೇ ಅನುಭವಿಸಿದ್ದೇನೆ. ಕಾಫಿ ಕುಯ್ಲಿನ ಕಾಲ, ಕಣದಲ್ಲಿ ಕಾಲಿಡಲು ಜಾಗ ಇಲ್ಲ, ಮನೆಯವರೆಲ್ಲ ಕತ್ತಲಾಗುವವರೆಗೆ ದುಡಿಯುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಆಗ ಬಂದು ನೋಡಿದವರಲ್ಲಿ ಶಿಬಿರದವರು ಒಬ್ಬರೂ ಇರಲಿಲ್ಲ.

ಕುಂಡಲಿನಿ ಅಂತ ಅಷ್ಟು ಸಲೀಸಾಗಿ ಹೇಳುವವರು ಹಳೆಯ ಗ್ರಂಥಗಳನ್ನಾದರೂ ಓದಬೇಕಲ್ವಾ? ಹಠಯೋಗ ಪ್ರದೀಪಿಕೆಯ ಎರಡನೇ ಅಧ್ಯಾಯದಲ್ಲೇ ಇದೆ. ಸಿಂಹ, ಆನೆ, ಹುಲಿಯನ್ನು ಮೆಲ್ಲಮೆಲ್ಲಗೆ ಪಳಗಿಸುವ ಹಾಗೆ ಪ್ರಾಣವಾಯುವನ್ನು ಹತೋಟಿಗೆ ತರಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ. ತಪ್ಪಾಗಿ ಮಾಡಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆನೋವು, ಕಿವಿ ಕಣ್ಣಿನ ನೋವು ಬರುತ್ತದೆ ಅಂತಲೂ ಇದೆ. ಆನೆ ಪಳಗಿಸುವುದು ಏನು ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾ? ದುಬಾರೆ ಆನೆ ಶಿಬಿರದಲ್ಲಿ ಹೊಸದಾಗಿ ಹಿಡಿದು ತಂದ ಆನೆಯನ್ನು ದಪ್ಪ ಮರದ ದಿಮ್ಮಿಗಳ ಕ್ರಾಲ್‌ನೊಳಗೆ ಇಟ್ಟು, ಮಾವುತ, ಕಾವಾಡಿ ತಿಂಗಳುಗಟ್ಟಲೆ ಪಕ್ಕದಲ್ಲೇ ಇರುತ್ತಾರೆ. ಮೇವು ಕೊಡುತ್ತಾರೆ, ಮಾತಾಡಿಸುತ್ತಾರೆ. ಧ್ಯಾನ ಶಿಬಿರದವರ ಹಾಗೆ ವಾರಾಂತ್ಯದ ಎರಡು ದಿನದಲ್ಲಿ ಆನೆ ಬಿಚ್ಚಿ ಬಿಟ್ಟು ಊರಿಗೆ ಹೋಗುವುದಿಲ್ಲ.

ಗೋಪಿ ಕೃಷ್ಣ ಅವರ ಹೆಸರು ಈ ಜನ ತುಂಬಾ ಹೇಳುತ್ತಾರೆ. ಜಮ್ಮುವಿನಲ್ಲಿ ಸರ್ಕಾರಿ ಗುಮಾಸ್ತರಾಗಿದ್ದವರು, 17 ವರ್ಷ ಧ್ಯಾನ ಮಾಡಿದ ಮೇಲೆ 1937ರ ಡಿಸೆಂಬರ್‌ನಲ್ಲಿ ಆ ಅನುಭವ ಆಯಿತು. ಬೆಳಕಿನ ಭಾಗವನ್ನು ಮಾತ್ರ ಹೇಳಿ ನಿಲ್ಲಿಸುತ್ತಾರೆ. ಆಮೇಲೆ ಅವರಿಗೆ ನಿದ್ದೆ ಹೋಯಿತು, ಊಟ ಸೇರದಾಯಿತು, ಮೈಯೆಲ್ಲ ಸುಟ್ಟಂತಾಯಿತು, ಹುಚ್ಚು ಹಿಡಿಯುತ್ತದೆ ಅನ್ನುವ ಭಯದಲ್ಲಿ ವರ್ಷಗಟ್ಟಲೆ ಒದ್ದಾಡಿದರು. ಅದನ್ನು ಅವರೇ ಬರೆದಿದ್ದಾರೆ. ಹೊತ್ತುಹೊತ್ತಿಗೆ ಊಟ ಮಾಡುವುದು ತಮ್ಮನ್ನು ಹೇಗೆ ಉಳಿಸಿತು ಅಂತಲೂ ಬರೆದಿದ್ದಾರೆ. ಎಲೆ ಮುಂದೆ ಕೂತು ಒಂದು ತುತ್ತೂ ತಿನ್ನದ ಹುಡುಗಿಗೆ ಅವರ ಈ ಮಾತನ್ನು ಹೇಳಬಹುದಿತ್ತು.

"ಡಾಕ್ಟರುಗಳು ಎಲ್ಲವನ್ನೂ ಕಾಯಿಲೆ ಅಂತಾರೆ, ಅವರಿಗೆ ದೇವರು ದಿಂಡರು ಗೊತ್ತಿಲ್ಲ" ಅಂತ ನೀವು ಹೇಳಬಹುದು. ಅಂಥವರು ಇದ್ದಾರೆ, ನಾನೂ ನೋಡಿದ್ದೇನೆ. ತಲೆ ಎತ್ತಿ ಮುಖ ನೋಡದೆ ಚೀಟಿ ಬರೆದುಕೊಟ್ಟವರೊಬ್ಬರು ಇದ್ದರು, ಅವರನ್ನು ಬಿಟ್ಟು ಬೇರೆಯವರ ಹತ್ತಿರ ಹೋದೆ. ಆದರೆ ವೈದ್ಯಶಾಸ್ತ್ರವೇ ಹಾಗೆ ಅನ್ನುವುದು ಸುಮ್ನೆ ಮಾತು. ಅಮೆರಿಕದ ಮನೋವೈದ್ಯರ ಕೈಪಿಡಿಗೆ 1994ರಲ್ಲೇ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಅಂತ ಬೇರೆ ವಿಭಾಗ ಸೇರಿದೆ, ಅದನ್ನು ಕಾಯಿಲೆಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಸುತ್ತಲಿನವರ ಧಾರ್ಮಿಕ ನಂಬಿಕೆಗೆ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಒಬ್ಬರನ್ನು ಮಾನಸಿಕ ರೋಗಿ ಅನ್ನುವಂತಿಲ್ಲ ಅನ್ನುತ್ತದೆ. ಕೊಡಗಿನವರು ನಾವು ತೆರೆ, ಅಂದರೆ ದೈವದ ಕೋಲ, ನೋಡಿ ಬೆಳೆದವರು. ದೈವ ಮೈಮೇಲೆ ಬರುತ್ತದೆ, ಮಾತಾಡುತ್ತದೆ, ಹೋಗುತ್ತದೆ. ಬಣ್ಣ ತೊಳೆದ ಮೇಲೆ ಆ ಮನುಷ್ಯ ಊಟ ಮಾಡಿ ಮಲಗುತ್ತಾನೆ, ಮರುದಿನ ಕೆಲಸಕ್ಕೆ ಹೋಗುತ್ತಾನೆ. ಅವನನ್ನು ಯಾವ ಡಾಕ್ಟರೂ ರೋಗಿ ಅಂದಿಲ್ಲ. ಬೇಡ ಅಂದರೂ ಬರುವುದು, ಆಚರಣೆಯ ಹೊರಗೂ ಬಿಡದೆ ಕಾಡುವುದು, ಬದುಕನ್ನೇ ಕೆಡಿಸುವುದು, ಇದನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಲೆಕ್ಕಕ್ಕೆ ಹಿಡಿಯುತ್ತದೆ.

ಈಗ ನನ್ನನ್ನು ನೋಡುವ ಡಾಕ್ಟರು ಚಕ್ರ ಇದೆಯಾ ಇಲ್ಲವಾ ಅಂತ ಒಂದು ದಿನವೂ ನನ್ನ ಜೊತೆ ವಾದ ಮಾಡಿಲ್ಲ. ಅವರು ಕೇಳುವುದು ಬೇರೆ. ಎಷ್ಟು ಗಂಟೆ ಮಲಗಿದ್ರಿ? ದುಡ್ಡು ಜಾಸ್ತಿ ಖರ್ಚಾಯ್ತಾ? ಮಾತು ಜಾಸ್ತಿ ಆಗಿದೆ ಅಂತ ಮನೆಯಲ್ಲಿ ಯಾರಾದರೂ ಹೇಳಿದ್ರಾ? ಬದುಕುವುದಕ್ಕೆ ನನಗೆ ಬೇಕಾದ ಪ್ರಶ್ನೆಗಳು ಇವೇ.

ಮಾತ್ರೆ ಸುಲಭ ಅಂತ ನಾನು ಹೇಳುವುದಿಲ್ಲ. ಬಟವಾಡೆ ಪುಸ್ತಕಕ್ಕೆ ಸಹಿ ಹಾಕುವಾಗ ಕೈ ಸಣ್ಣಗೆ ನಡುಗುತ್ತದೆ. ತೂಕ ಏರಿದೆ. ರಕ್ತದಲ್ಲಿ ಲಿಥಿಯಂ ಎಷ್ಟಿದೆ, ಕಿಡ್ನಿ, ಥೈರಾಯ್ಡ್ ಹೇಗಿದೆ ಅಂತ ಆಗಾಗ ಮಡಿಕೇರಿಗೆ ಹೋಗಿ ಪರೀಕ್ಷೆ ಮಾಡಿಸಬೇಕು. ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದಿದ್ದರೆ ಲಿಥಿಯಂ ಮಟ್ಟ ಏರುತ್ತದೆ. ಮಂಡಿನೋವಿಗೆ ಅಂತ ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗುವ ಹಾಗಿಲ್ಲ, ಅದರಿಂದಲೂ ಏರುತ್ತದೆ. ಕಾಫಿ ಕುಡಿಯುವುದನ್ನು ಒಮ್ಮೆಲೇ ಬಿಟ್ಟರೂ ಏರುತ್ತದೆ! ಕಾಫಿ ಬೆಳೆಯುವ ಮನೆಯವಳು ನಾನು, ಇದನ್ನು ಕೇಳಿ ಬೆರಗಾಗಿದ್ದೆ. ಹಾಗಾಗಿ ಬೆಳಿಗ್ಗೆ ದಿನವೂ ಅಷ್ಟೇ ಕಾಫಿ, ಮಧ್ಯಾಹ್ನದ ಮೇಲೆ ಇಲ್ಲ. ರಾತ್ರಿ ಹತ್ತಕ್ಕೆ ದೀಪ ಆರಿಸಬೇಕು. ಮದುವೆ ಮನೆ ಇರಲಿ, ಪುತ್ತರಿ ಹಬ್ಬ ಇರಲಿ, ಹತ್ತಕ್ಕೆ. ನೆಂಟರು ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಒಂದು ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಅಣ್ಣ ನನ್ನ ಮುಖ ನೋಡುತ್ತಾನೆ, ನಾನೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ದೇವರ ಮುಂದೆ ದೀಪ ಹಚ್ಚಿ ಸ್ವಲ್ಪ ಹೊತ್ತು ಕೂರುತ್ತೇನೆ. ಜೋರು ಉಸಿರಾಟ, ಉಪವಾಸ, ಮೌನದ ಶಿಬಿರ ಯಾವುದಕ್ಕೂ ಹೋಗುವುದಿಲ್ಲ.

ಇಷ್ಟು ಕಷ್ಟಪಟ್ಟು ನಡೆಸಿಕೊಂಡು ಬಂದದ್ದನ್ನು ಒಬ್ಬರು ಊಟದ ಪಂಕ್ತಿಯಲ್ಲಿ ಕೂತು "ಬಿಡಿಸಿ" ಅನ್ನುತ್ತಾರೆ! ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ, ಜೀವ ಕಳೆದುಕೊಳ್ಳುವ ಅಪಾಯವೂ ಜಾಸ್ತಿ. ಇದು ಅವರಿಗೆ ಗೊತ್ತಾ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆ ಇರುವವರಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ ಅಂತ ಕಂಡಿತ್ತು. ಆ ತಾಯಿ ಹೇಗೋ ಧೈರ್ಯ ಮಾಡಿ ಡಾಕ್ಟರ ಬಾಗಿಲವರೆಗೆ ಹೋಗಿದ್ದರು. ಅಲ್ಲಿಂದ ವಾಪಸ್ ಎಳೆದು ತಂದರಲ್ಲ, ಅದು ನನಗೆ ಸಹಿಸಲು ಆಗುತ್ತಿಲ್ಲ.

ಕೈ ತೊಳೆಯುವ ಜಾಗದಲ್ಲಿ ಆ ಅಮ್ಮನನ್ನು ಮಾತಾಡಿಸಿದೆ. ನನ್ನ ಮಾತ್ರೆ ಡಬ್ಬಿಯನ್ನೇ ತೆಗೆದು ತೋರಿಸಿದೆ. "ನೀವೂ ತಗೊಳ್ತೀರಾ?" ಅಂತ ಎರಡು ಸಲ ಕೇಳಿದರು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಪೂಜೆ ಬೇಕಾದರೆ ಮಾಡಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಅಂದೆ. 14416 ನಂಬರ್ ಬರೆದುಕೊಟ್ಟೆ. ಅದು ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ನಮ್ಮ ಕಡೆ ಹೋಂಸ್ಟೇಗಳಲ್ಲಿ ಧ್ಯಾನ ಶಿಬಿರ ನಡೆಸುವವರು ಕೆಲವರು ನನ್ನ ಸ್ನೇಹಿತರ ಪಟ್ಟಿಯಲ್ಲೇ ಇದ್ದೀರಿ. ಹೆಸರು ಬರೆಸಿಕೊಳ್ಳುವಾಗ ಬಿಪಿ, ಶುಗರ್, ಬೆನ್ನುನೋವು ಇದೆಯಾ ಅಂತ ಕೇಳುತ್ತೀರಲ್ವಾ? ಅದರ ಕೆಳಗೇ ಇದನ್ನೂ ಕೇಳಿ: ನಿಮಗಾಗಲಿ ಮನೆಯವರಿಗಾಗಲಿ ಬೈಪೋಲಾರ್, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಯಾವಾಗಲಾದರೂ ಬಂದಿತ್ತಾ? ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ತುರ್ತಿಗೆ ಮನೆಯವರ ನಂಬರ್ ಯಾವುದು? ಬಂದವರಲ್ಲಿ ಯಾರಾದರೂ ಎರಡು ರಾತ್ರಿ ಮಲಗದಿದ್ದರೆ ಅಭ್ಯಾಸ ಅಲ್ಲಿಗೇ ನಿಲ್ಲಿಸಿ, ಆ ನಂಬರಿಗೆ ಫೋನ್ ಮಾಡಿ. ಈ ಪ್ರಶ್ನೆಗಳನ್ನು ಹೇಗೆ ಕೇಳಬೇಕು ಅಂತ ತಿಳಿಯದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಾನೇ ಬರೆದುಕೊಡುತ್ತೇನೆ.